ಜಪಾನಿನ ಬೀದಿಗುಡಿಗೆ ಹೊಸ ಒಕ್ಕಲು

ಟೋಕಿಯೊದ ಶಿನ್-ಒಕುಬೊ ರೈಲು ನಿಲ್ದಾಣದಿಂದ ಹೊರಬಿದ್ದರೆ ಮೊದಲು ಮೂಗಿಗೆ ಬಡಿಯುವುದು ಕೊರಿಯನ್ ಹೋಟೆಲುಗಳಲ್ಲಿ ಮಾಂಸ ಸುಡುವ ವಾಸನೆ. ಅದರ ಬೆನ್ನಿಗೇ ನೇಪಾಳಿ, ಬಾಂಗ್ಲಾದೇಶಿ ಅಂಗಡಿಗಳ ಮಸಾಲೆಯ ಘಾಟು. ಅಕ್ಕಿ ಮೂಟೆಗಳು, ಹಲಾಲ್ ಮಾಂಸದ ಫಲಕಗಳು, ಊರಿಗೆ ಹಣ ಕಳಿಸುವ ಕೌಂಟರುಗಳು. ಇವೆಲ್ಲದರ ನಡುವೆ, ನಿಲ್ದಾಣದಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಕಾಯ್‌ಚೂ ಇನಾರಿ ಎಂಬ ಪುಟ್ಟ ಗುಡಿಯಿದೆ. ಎಡೊ ಕಾಲದಲ್ಲಿ ಶೋಗನ್ನರ ನೂರು ಮಂದಿ ಬಂದೂಕುಧಾರಿಗಳ ಪಡೆ ನೆಲೆಸಿದ್ದ ಜಾಗ ಅದು. ಇಲ್ಲಿಯ ದೇವರಿಗೆ ನಡೆದುಕೊಂಡ ಬಂದೂಕಿನವನ ಗುರಿ ಒಂದೂ ತಪ್ಪಲಿಲ್ಲ ಎಂಬುದು ಐತಿಹ್ಯ. ಅದೇ ನಂಬಿಕೆ ಹಿಡಿದು ಇವತ್ತು ಕೊರಿಯನ್ ಪಾಪ್ ಗಾಯಕರ ಅಭಿಮಾನಿಗಳು ಸಂಗೀತ ಕಾರ್ಯಕ್ರಮದ ಟಿಕೆಟ್ ಲಾಟರಿ ತಮಗೇ ಹತ್ತಲಿ ಎಂದು ಮರದ ಹಲಗೆಯ ಮೇಲೆ ಹರಕೆ ಬರೆದು ಕಟ್ಟಿಹೋಗುತ್ತಾರೆ. ಎರಡು ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ ಕವಚ ತೊಟ್ಟ ಬಂದೂಕು ಪಡೆಯ ಮೆರವಣಿಗೆ ಇದೇ ಬೀದಿಯಲ್ಲಿ ಹಾದುಹೋಗುತ್ತದೆ. ಜಪಾನಿನಲ್ಲಿ ಹೊರದೇಶದವರು ಅತಿ ದಟ್ಟವಾಗಿ ನೆಲೆಸಿರುವ ಬಡಾವಣೆಗಳಲ್ಲಿ ಒಂದಕ್ಕೆ ಕಾವಲು ದೇವರಾಗಿರುವ ಈ ಗುಡಿ ಒಂದು ಪ್ರಶ್ನೆಯನ್ನು ಎದುರಿಗಿಡುತ್ತದೆ. ಈ ದೇವರ ಒಕ್ಕಲು ಯಾರು? ಮೂರು ತಲೆಮಾರಿನ ಹಿಂದೆ ಇಲ್ಲಿಂದ ಹೊರಟು ಉಪನಗರ ಸೇರಿದ ಮನೆತನವೋ, ಗುಡಿಯ ಹಿಂದಿನ ಕಟ್ಟಡದಲ್ಲಿ ಬಾಡಿಗೆಗಿರುವ ನೇಪಾಳಿ ಅಡುಗೆಯವನೋ?

ಜಪಾನಿನ ಗುಡಿಗಳು ಮತ್ತು ವಿದೇಶಿಯರ ಬಗ್ಗೆ ಈಗ ನಡೆಯುತ್ತಿರುವ ಚರ್ಚೆಯಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. 2024ರಲ್ಲಿ ಆ ದೇಶಕ್ಕೆ ಬಂದುಹೋದವರು 3 ಕೋಟಿ 68 ಲಕ್ಷ ಮಂದಿ. ಇಷ್ಟು ಜನ ಬಂದರೆ ಕಿರಿಕಿರಿ ಆಗದಿರುವುದಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಟೋಕಿಯೊದ ಮೇಜಿ ಜಿಂಗೂ ಗುಡಿಯ ಮರದ ತೋರಿ ದ್ವಾರದ ಮೇಲೆ ಅಕ್ಷರ ಕೆತ್ತಿದ ಆರೋಪದಲ್ಲಿ ಅಮೆರಿಕದ ಪ್ರವಾಸಿಯೊಬ್ಬರ ಬಂಧನವಾಯಿತು. 2025ರ ವಸಂತದಲ್ಲಿ ತ್ಸುಷಿಮಾ ದ್ವೀಪದ ವತಜುಮಿ ಗುಡಿ, ಪೂಜೆಗೆ ಬರುವವರನ್ನು ಬಿಟ್ಟು ನೋಡಲು ಬರುವವರಿಗೆಲ್ಲ ಬಾಗಿಲು ಮುಚ್ಚಿತು. ಇಂಥ ಸುದ್ದಿ ಬಂದಾಗಲೆಲ್ಲ ಪರಿಹಾರವೆಂದು ಮುಂದಿಡುವುದು ಶಿಷ್ಟಾಚಾರದ ಪಾಠವನ್ನು: ದ್ವಾರದಲ್ಲಿ ತಲೆ ಬಾಗಿಸಿ, ದಾರಿಯ ನಡುಮಧ್ಯ ನಡೆಯಬೇಡಿ, ಎಡಗೈ ಮೊದಲು ತೊಳೆಯಿರಿ, ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿ. ಈ ಪಾಠ ತಪ್ಪೇನಲ್ಲ, ಕಲಿತವರಿಂದ ಯಾರಿಗೂ ನಷ್ಟವಿಲ್ಲ. ಆದರೆ ಈ ಎರಡು ಬಾಗು, ಎರಡು ಚಪ್ಪಾಳೆಯ ಕ್ರಮವೇ ಮೇಜಿ ಕಾಲದಿಂದೀಚೆಗೆ ದೇಶದುದ್ದಕ್ಕೂ ಒಂದೇ ಅಚ್ಚಿಗೆ ಬಂದದ್ದು. ಇಜುಮೊ ತಾಯ್ಶಾದಂಥ ಹಳೆಯ ಕ್ಷೇತ್ರದಲ್ಲಿ ಇಂದಿಗೂ ನಾಲ್ಕು ಚಪ್ಪಾಳೆ. ಮುಖ್ಯವಾದ ಮಾತು ಬೇರೆಯೇ ಇದೆ. ಪ್ರವಾಸಿಯ ನಡತೆಯೊಂದನ್ನೇ ಅಳೆಯುವ ಈ ಚರ್ಚೆಗೆ ಅಲ್ಲೇ ಬಾಳುತ್ತಿರುವವರು ಕಾಣುತ್ತಿಲ್ಲ. 2024ರ ಕೊನೆಗೆ ಜಪಾನಿನಲ್ಲಿ ನೆಲೆಸಿದ್ದ ವಿದೇಶಿಯರ ಸಂಖ್ಯೆ 37 ಲಕ್ಷ ದಾಟಿತ್ತು. ಅವರು ಫೋಟೊ ತೆಗೆದುಕೊಂಡು ಮರುದಿನ ವಿಮಾನ ಹತ್ತುವವರಲ್ಲ. ತೆರಿಗೆ ಕಟ್ಟುತ್ತಾರೆ, ಮಕ್ಕಳನ್ನು ಬೀದಿಯ ಕೊನೆಯ ಶಾಲೆಗೆ ಕಳಿಸುತ್ತಾರೆ, ದಿನವೂ ಗುಡಿಯ ಮುಂದೆಯೇ ಹಾದು ಕೆಲಸಕ್ಕೆ ಹೋಗುತ್ತಾರೆ. ಬೀದಿಗುಡಿಯ ಮಟ್ಟಿಗೆ ಇವರು ಅತಿಥಿಗಳಲ್ಲ, ಒಕ್ಕಲು. ಆ ಗುಡಿ ನಿಂತಿರುವ ತರ್ಕವೇ ಹಾಗಿದೆ ಎಂಬುದು ಈ ಲೇಖನದ ವಾದ.

ಆ ತರ್ಕವನ್ನು ತುಸು ಬಿಡಿಸಿ ನೋಡಬೇಕು. ಜಪಾನಿನಲ್ಲಿ ಸುಮಾರು 80 ಸಾವಿರ ಶಿಂತೊ ಗುಡಿಗಳಿವೆ. ಪ್ರವಾಸಿ ಪುಸ್ತಕಗಳಲ್ಲಿ ಹೆಸರು ಕಂಡಿರುವುದು ಅವುಗಳಲ್ಲಿ ಬೆರಳೆಣಿಕೆಯಷ್ಟಕ್ಕೆ ಮಾತ್ರ. ಉಳಿದವು ಉಜಿಗಾಮಿ ಗುಡಿಗಳು, ಅಂದರೆ ಒಂದು ಸೀಮೆಯನ್ನು ಕಾಯುವ ದೇವರ ಗುಡಿಗಳು. ಆ ಸೀಮೆಯಲ್ಲಿ ವಾಸಿಸುವವರು ಉಜಿಕೊ. ಬಹಳ ಹಿಂದೆ ಈ ಸಂಬಂಧ ಕುಲದ್ದಾಗಿತ್ತು. ಕಾಲ ಕಳೆದಂತೆ ನೆಲದ್ದಾಯಿತು. ಯಾವ ಮನೆಯಲ್ಲಿ ಹುಟ್ಟಿದಿರಿ, ಯಾವ ಮಂತ್ರ ಕಲಿತಿರಿ, ಮನಸ್ಸಿನೊಳಗೆ ಏನು ನಂಬಿದ್ದೀರಿ ಎಂದು ಉಜಿಗಾಮಿ ಕೇಳುವುದಿಲ್ಲ. ಕೇಳುವುದು ಮನೆ ಎಲ್ಲಿದೆ ಎಂದಷ್ಟೆ. ಇದಕ್ಕೆ ಸಾಕ್ಷಿ ಬೇಕಿದ್ದರೆ ಜಪಾನ್ ಸರ್ಕಾರದ ಸಂಸ್ಕೃತಿ ಇಲಾಖೆ ವರ್ಷವರ್ಷವೂ ಹೊರತರುವ ಧರ್ಮಗಳ ವಾರ್ಷಿಕ ಪುಸ್ತಕ ನೋಡಬಹುದು. ಅದರಲ್ಲಿ ಶಿಂತೊ, ಬೌದ್ಧ ಮುಂತಾದ ಎಲ್ಲ ಅನುಯಾಯಿಗಳನ್ನು ಕೂಡಿಸಿದರೆ ಮೊತ್ತ ದೇಶದ ಜನಸಂಖ್ಯೆಯನ್ನು ಕೋಟಿಗಟ್ಟಲೆ ಮೀರುತ್ತದೆ. ಲೆಕ್ಕದಲ್ಲಿ ತಪ್ಪೇನಿಲ್ಲ. ಗುಡಿಗಳು ತಮ್ಮ ಸೀಮೆಯ ನಿವಾಸಿಗಳನ್ನು ಎಣಿಸುತ್ತವೆ, ಬೌದ್ಧ ದೇವಾಲಯಗಳು ತಮ್ಮ ಸ್ಮಶಾನದ ಪಾಲುದಾರ ಮನೆಗಳನ್ನು ಎಣಿಸುತ್ತವೆ. ಒಬ್ಬನೇ ಮನುಷ್ಯ ಎರಡೂ ಕಡೆ ಎಣಿಕೆಗೆ ಬರುತ್ತಾನೆ. ಆ ಮನುಷ್ಯನನ್ನೇ ನಿಲ್ಲಿಸಿ ಕೇಳಿದರೆ ತನಗೆ ಧರ್ಮವಿಲ್ಲ ಎಂದು ಹೇಳುವ ಸಂಭವವೂ ಇದೆ. ನಂಬಿಕೆಯ ಪ್ರಮಾಣಪತ್ರ ಕೇಳದೆ ಜಪಾನೀಯನನ್ನು ಒಕ್ಕಲೆಂದು ಎಣಿಸುವ ಗುಡಿ, ಅದೇ ಬೀದಿಯ ಪರದೇಶಿಯ ಮುಂದೆ ಮಾತ್ರ ನಂಬಿಕೆಯ ಪ್ರಶ್ನೆಯೆತ್ತಿದರೆ ಅದು ಸಂಪ್ರದಾಯಕ್ಕೇ ವಿರುದ್ಧವಾಗುತ್ತದೆ.

ಇಂಥ ಗುಡಿ ಹೇಗಿರುತ್ತದೆಂದು ಹತ್ತಿರ ಹೋಗಿ ನೋಡಿದರೆ ವಾದ ಇನ್ನಷ್ಟು ಸ್ಪಷ್ಟವಾಗುತ್ತದೆ. ಆವರಣದ ಸುತ್ತ ಸೊಂಟದೆತ್ತರದ ಕಲ್ಲುಕಂಬಗಳ ಬೇಲಿ. ಒಂದೊಂದು ಕಂಬದ ಮೇಲೂ ಒಂದೊಂದು ಹೆಸರು ಕೆತ್ತಿದೆ, ಅಕ್ಷರಗಳಿಗೆ ಕೆಂಪು ಬಣ್ಣ ತುಂಬಿದೆ: ಮೀನು ಅಂಗಡಿ, ದಂತವೈದ್ಯರು, ಚಾಪೆ ಹೊಲಿಯುವವರು, ಮಾಲೀಕರು ತೀರಿಕೊಂಡು ಮುಚ್ಚಿಹೋದ ಸ್ನಾನದ ಮನೆ. ಬೇಲಿಗೆ ಹಣ ಕೊಟ್ಟವರ ಹೆಸರುಗಳವು; ಬಡಾವಣೆಯ ಚರಿತ್ರೆ ಬೇರೆಲ್ಲೂ ಇಷ್ಟು ನಿಚ್ಚಳವಾಗಿ ಬರೆದಿಟ್ಟಿರುವುದಿಲ್ಲ. ಹಬ್ಬ ಬಂತೆಂದರೆ ಮುಂಬದಿಯ ಹಲಗೆಯ ಮೇಲೆ ಕಾಗದದ ಸಾಲು ಏರುತ್ತದೆ. ಯಾರು ಎಷ್ಟು ಯೆನ್ ಕೊಟ್ಟರು, ಯಾರು ಎಷ್ಟು ಬಾಟಲಿ ಸಾಕೆ ಮದ್ಯ ಒಪ್ಪಿಸಿದರು ಎಂಬುದು ಕುಂಚದ ಬರಹದಲ್ಲಿ. ಇಂಥ ಗುಡಿಗಳಲ್ಲಿ ಹೆಚ್ಚಿನವಕ್ಕೆ ಖಾಯಂ ಅರ್ಚಕರಿಲ್ಲ. ಒಬ್ಬರೇ ಹತ್ತಾರು ಗುಡಿಗಳನ್ನು ನೋಡಿಕೊಳ್ಳುತ್ತ ಹಬ್ಬದ ದಿನ ಬಂದು ಹೋಗುತ್ತಾರೆ. ಹಾಗಾದರೆ ಎಲೆ ಗುಡಿಸುವವರಾರು, ವರ್ಷದ ಕೊನೆಗೆ ಹಳೆಯ ಹುಲ್ಲುಹಗ್ಗ ಇಳಿಸಿ ಹೊಸದು ಕಟ್ಟುವವರಾರು, ಹುಂಡಿ ಎಣಿಸುವವರಾರು? ಆ ಬೀದಿಯವರೇ. ಹುಂಡಿಯ ಆದಾಯವೂ ಅಷ್ಟಕ್ಕಷ್ಟೆ. 2022ರ ಜನವರಿಯಲ್ಲಿ ಅಂಚೆ ಬ್ಯಾಂಕು ಚಿಲ್ಲರೆ ನಾಣ್ಯಗಳ ಜಮೆಗೆ ಶುಲ್ಕ ಹಾಕಿದ ಮೇಲೆ, ಒಂದು ಯೆನ್, ಐದು ಯೆನ್ ನಾಣ್ಯಗಳನ್ನು ಬ್ಯಾಂಕಿಗೆ ಕಟ್ಟಹೋದರೆ ಕಾಣಿಕೆಗಿಂತ ಶುಲ್ಕವೇ ಹೆಚ್ಚಾಗುವ ಸ್ಥಿತಿ ಬಂತು. ಕೈಯಿಂದ ಆಗುವ ಕೆಲಸ ನಿಂತರೆ ಈ ಗುಡಿಗಳು ಉಳಿಯುವುದಿಲ್ಲ.

ಆ ಕೈಗಳು ಕಡಿಮೆಯಾಗುತ್ತಿವೆ. ಹಳ್ಳಿಗಳಲ್ಲಿ ಮುದುಕರಷ್ಟೇ ಉಳಿದಿದ್ದಾರೆ. ನಗರಗಳಲ್ಲಿ ಅಪಾರ್ಟ್‌ಮೆಂಟಿನ ಹೊಸ ಜಪಾನೀಯ ನಿವಾಸಿಗಳಿಗೇ ತಮ್ಮ ಉಜಿಗಾಮಿ ಯಾವುದೆಂದು ಗೊತ್ತಿರುವುದಿಲ್ಲ. ದೇವರ ಅಡ್ಡೆಪಲ್ಲಕ್ಕಿಯಾದ ಮಿಕೋಶಿ ಹೊರಲು ಬೇರೆ ಬಡಾವಣೆಗಳಿಂದ, ಹವ್ಯಾಸಿ ಸಂಘಗಳಿಂದ ಜನರನ್ನು ಕರೆಸುವುದು ಟೋಕಿಯೊದಲ್ಲಿ ಮಾಮೂಲು. ದೊಡ್ಡ ಮಿಕೋಶಿಗಳು ನೂರಾರು ಕಿಲೊ ತೂಗುತ್ತವೆ, ಕೆಲವು ಟನ್ನನ್ನೂ ದಾಟುತ್ತವೆ. ಹೆಗಲುಗಳು ಒಂದೇ ಲಯಕ್ಕೆ ಬರದಿದ್ದರೆ ಅದು ಮೇಲೇಳುವುದೇ ಇಲ್ಲ. ಹೀಗಿರುವಾಗ ಎದುರು ಮನೆಯ ವಿಯೆಟ್ನಾಮಿ ಯುವಕನನ್ನು ಬಿಟ್ಟು ಇಪ್ಪತ್ತು ಕಿಲೊಮೀಟರ್ ದೂರದವರನ್ನು ಕರೆಸುವುದರಲ್ಲಿ ಅರ್ಥವಿಲ್ಲ. ಅನೇಕ ಬಡಾವಣೆಗಳು ಇದನ್ನು ಅರಿತು ನಡೆದುಕೊಂಡಿವೆ ಕೂಡ. ಹಾಪಿ ಅಂಗಿ ತೊಟ್ಟು ಕಂಬಕ್ಕೆ ಹೆಗಲು ಕೊಟ್ಟ ವಿದೇಶಿ ವಿದ್ಯಾರ್ಥಿಗಳು ಈಗ ಅಪರೂಪದ ನೋಟವೇನಲ್ಲ.

ಗುಡಿಯ ಕೆಲಸ ಬೀದಿಯ ಬೇರೆ ಕೆಲಸಗಳಿಂದ ಬೇರ್ಪಟ್ಟು ನಿಂತಿಲ್ಲ ಎಂಬುದನ್ನು ಹೊರಗಿನವರು ತಡವಾಗಿ ಅರಿಯುತ್ತಾರೆ. ಚೋನಾಯ್‌ಕಾಯ್ ಎಂಬ ಬಡಾವಣೆ ಸಂಘವೊಂದಿರುತ್ತದೆ. ಕಸ ಇಡುವ ಜಾಗಕ್ಕೆ ಕಾಗೆ ಕುಕ್ಕದಂತೆ ಬಲೆ ಹೊದಿಸುವ ಸರದಿ, ಭೂಕಂಪದ ಕವಾಯತು, ಬೀದಿದೀಪ, ಕ್ಲಿಪ್ಪಿಗೆ ಸಿಕ್ಕಿಸಿದ ಪ್ರಕಟಣೆಗಳ ಹಲಗೆ ಮನೆಯಿಂದ ಮನೆಗೆ ಮುದ್ರೆ ಒತ್ತಿಸಿಕೊಂಡು ತಿರುಗುವುದು, ಇವೆಲ್ಲ ಅದರ ಪಾಲಿನವು. ಗುಡಿಯ ಹಬ್ಬದ ಹಿಂದೆ ಇರುವುದೂ ಬಹುಮಟ್ಟಿಗೆ ಅದೇ ಜನ. ಬೇಸಿಗೆ ರಜೆಯಲ್ಲಿ ಬೆಳಿಗ್ಗೆ ಆರೂವರೆಗೆ ರೇಡಿಯೊದಲ್ಲಿ ವ್ಯಾಯಾಮದ ಸಂಗೀತ ಬಂದಾಗ ಮಕ್ಕಳು ಕೊರಳಿಗೆ ಕಾರ್ಡು ನೇತುಹಾಕಿಕೊಂಡು ಸೇರುವುದೂ ಎಷ್ಟೋ ಕಡೆ ಗುಡಿಯ ಅಂಗಳದಲ್ಲೇ. ಆದ್ದರಿಂದ ವಿದೇಶಿಯೊಬ್ಬರು ಗುಡಿಯ ಅಂಗಳಕ್ಕೆ ಕಾಲಿಟ್ಟರೆಂದರೆ ಕಾಲಿಟ್ಟದ್ದು ಬರೀ ಪೂಜೆಯ ಜಾಗಕ್ಕಲ್ಲ. ತಮ್ಮ ಹೆಸರು ಹಿಡಿದು ಕರೆಯುವ ನಾಲ್ಕು ಜನ ಸಿಗುವ ಜಾಗಕ್ಕೆ. ಭೂಕಂಪವಾದ ರಾತ್ರಿ ಮೂರನೇ ಮಹಡಿಯಲ್ಲಿ ಒಂದು ಸಂಸಾರ ಇದೆ, ಅವರಿಗೆ ಜಪಾನಿ ಓದಲು ಬರುವುದಿಲ್ಲ ಎಂದು ಯಾರಿಗಾದರೂ ನೆನಪಾಗಬೇಕಿದ್ದರೆ ಆ ಪರಿಚಯ ಮೊದಲೇ ಆಗಿರಬೇಕು.

ಇಲ್ಲಿ ಲಾಫ್ಕಾಡಿಯೊ ಹರ್ನ್‌ನನ್ನು ನೆನೆಯುವುದು ನ್ಯಾಯ. ಗ್ರೀಸಿನಲ್ಲಿ ಹುಟ್ಟಿ, ಐರ್ಲೆಂಡಿನಲ್ಲಿ ಬೆಳೆದು, ಅಮೆರಿಕದಲ್ಲಿ ಪತ್ರಕರ್ತನಾಗಿದ್ದ ಆತ 1890ರಲ್ಲಿ ಜಪಾನಿಗೆ ಬಂದ; 1896ರಲ್ಲಿ ಕೊಯಿಜುಮಿ ಯಾಕುಮೊ ಎಂಬ ಹೆಸರಿನಲ್ಲಿ ಅಲ್ಲಿಯ ಪ್ರಜೆಯಾದ. ಇಜುಮೊ ತಾಯ್ಶಾದ ಒಳಾಂಗಣಕ್ಕೆ ಪ್ರವೇಶ ಪಡೆದ ಮೊದಲ ಪಾಶ್ಚಾತ್ಯ ಎಂಬ ಕೀರ್ತಿ ಅವನದು. ಆದರೆ ನನಗೆ ಆ ಕೀರ್ತಿಗಿಂತ ಮುಖ್ಯವೆನಿಸುವುದು ಮತ್ಸುಎ ಊರಿನ ಕೋಟೆಯೊಳಗಿನ ಜೋಜಾನ್ ಇನಾರಿ ಎಂಬ ಸಣ್ಣ ಗುಡಿ. ನೂರಾರು ಕಲ್ಲಿನ ನರಿಗಳು ಪಾಚಿ ಹಿಡಿದು ನಿಂತ ಆ ಅಂಗಳವನ್ನು ಪಾಠ ಹೇಳಲು ಶಾಲೆಗೆ ಹೋಗಿಬರುವ ದಾರಿಯಲ್ಲಿ ಆತ ಮತ್ತೆಮತ್ತೆ ಹಾಯುತ್ತಿದ್ದ. 1894ರಲ್ಲಿ ಅಚ್ಚಾದ ಅವನ ಜಪಾನ್ ಪುಸ್ತಕದಲ್ಲಿ ಜೀವ ತುಂಬಿರುವುದು ಇಂಥ ದಿನನಿತ್ಯದ ಹಾದಿಯೇ. ಅವನ ಬರಹದಲ್ಲಿ ಹಳೆಯ ಜಪಾನನ್ನು ಕನಸಿನಂತೆ ಕಾಣುವ ದೋಷವಿದೆ. ಬಡತನವನ್ನು ಸೌಂದರ್ಯವೆಂದು ಓದಿದ ಪುಟಗಳೂ ಇವೆ. ಆದರೂ ಗುಡಿ ಅರ್ಥವಾಗುವುದು ಮರಳಿ ಮರಳಿ ಹೋಗುವುದರಿಂದ ಎಂಬುದನ್ನು ಆತ ಬದುಕಿ ತೋರಿಸಿದ. ಕ್ಯೋಟೊದ ಫುಷಿಮಿ ಇನಾರಿಯ ಸಾವಿರಾರು ಕೆಂಪು ದ್ವಾರಗಳನ್ನು ಒಂದು ಮಧ್ಯಾಹ್ನ ನೋಡಿದವರಿಗೆ ಸಿಗದಿರುವುದು, ಮನೆ ಪಕ್ಕದ ಒಂದೇ ದ್ವಾರವನ್ನು ನಾಲ್ಕೂ ಋತುಗಳಲ್ಲಿ ಕಂಡವರಿಗೆ ಸಿಗುತ್ತದೆ.

ಈ ವಾದಕ್ಕೆ ಮೊದಲ ಆಕ್ಷೇಪ ಧರ್ಮದ್ದು, ಅದು ಹಗುರವಾದುದಲ್ಲ. ಮುಸ್ಲಿಮರು, ಕ್ರೈಸ್ತರು, ಯಾವ ದೇವರಿಗೂ ಕೈಮುಗಿಯದವರು ಆ ಬೀದಿಯಲ್ಲಿದ್ದಾರೆ. ಅವರನ್ನು ಒಕ್ಕಲೆಂದು ಕರೆಯುವುದು ಬಲವಂತವಲ್ಲವೆ? ಇತಿಹಾಸದಲ್ಲಿ ಬಲವಂತ ಇತ್ತು ಕೂಡ. 1871ರಲ್ಲಿ ಮೇಜಿ ಸರ್ಕಾರ ಪ್ರಜೆಗಳೆಲ್ಲ ಊರಿನ ಗುಡಿಯಲ್ಲಿ ಹೆಸರು ನೋಂದಾಯಿಸಬೇಕೆಂದು ಆಜ್ಞೆ ಹೊರಡಿಸಿ, ನಡೆಸಲಾಗದೆ ಎರಡೇ ವರ್ಷದಲ್ಲಿ ಕೈಬಿಟ್ಟಿತು. ಯುದ್ಧಾನಂತರದ ಸಂವಿಧಾನದ 20 ಮತ್ತು 89ನೇ ವಿಧಿಗಳು ಇಂಥದಕ್ಕೆ ಅವಕಾಶವನ್ನೇ ಉಳಿಸಲಿಲ್ಲ. 2002ರಲ್ಲಿ ಸಾಗಾ ಜಿಲ್ಲಾ ನ್ಯಾಯಾಲಯ ತೋಸು ನಗರದ ಬಡಾವಣೆ ಸಂಘವೊಂದು ಸದಸ್ಯತ್ವ ಶುಲ್ಕದ ಜೊತೆಗೇ ಗುಡಿಯ ಖರ್ಚನ್ನೂ ವಸೂಲು ಮಾಡುತ್ತಿದ್ದುದು ತಪ್ಪೆಂದು ತೀರ್ಪಿತ್ತಿತು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೊಕ್ಕೈಡೊದ ಸುನಾಗವಾ ನಗರಸಭೆ ತನ್ನ ಜಮೀನನ್ನು ಗುಡಿಗೆ ಪುಕ್ಕಟೆ ಬಿಟ್ಟುಕೊಟ್ಟಿದ್ದು ಸಂವಿಧಾನಬಾಹಿರ ಎಂದಿತು. ಆ ಗುಡಿ ಇದ್ದದ್ದು ಬಡಾವಣೆಯ ಸಭಾಭವನದೊಳಗೇ ಎಂಬುದನ್ನು ಗಮನಿಸಬೇಕು. ಬೀದಿ ಮತ್ತು ಗುಡಿ ಎಷ್ಟು ಬೆಸೆದುಕೊಂಡಿವೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಇನ್ನೊಂದು ಬದಿಯಲ್ಲಿ, ತ್ಸು ನಗರದ ವ್ಯಾಯಾಮಶಾಲೆಗೆ ನಡೆದ ಭೂಮಿಪೂಜೆಯ ಖಟ್ಲೆಯಲ್ಲಿ 1977ರಲ್ಲಿ ಅದೇ ನ್ಯಾಯಾಲಯ, ಅಂಥ ವಿಧಿ ಸಮಾಜದ ವಾಡಿಕೆಯ ಮಟ್ಟದ್ದು ಎಂದು ಒಪ್ಪಿತ್ತು. ಮೂರನ್ನೂ ಒಟ್ಟಿಗಿಟ್ಟು ಓದಿದರೆ ದಾರಿ ಕಾಣುತ್ತದೆ. ಗುಡಿ ಕರೆಯಬಹುದು, ಕಡ್ಡಾಯ ಮಾಡುವಂತಿಲ್ಲ. ಒಕ್ಕಲುತನವೆಂದರೆ ಬಾಗಿಲು ತೆರೆದಿರುವುದು. ಒಳಗೆ ಬರುವುದು ಬಿಡುವುದು ಆ ಮನೆಯವರ ಇಷ್ಟ. ಬಂದವರು ಕೂಡ ಎಲ್ಲವನ್ನೂ ಮಾಡಬೇಕೆಂದಿಲ್ಲ. ಅಂಗಳ ಗುಡಿಸಿ, ಹಬ್ಬದ ಸಾಲಂಗಡಿಯಲ್ಲಿ ನೂಡಲ್ಸ್ ಹುರಿದು, ದೇವರ ಮುಂದೆ ತಲೆಬಾಗದೆ ಮನೆಗೆ ಹೋಗುವವರಿಗೂ ಜಾಗ ಇರಬೇಕು. ಅದಕ್ಕೂ ಒಲ್ಲದವರು ಬೀದಿಯ ಕಸದ ಜಾಗಕ್ಕೆ ತಂದಿಡುವ ಚೀಲವನ್ನು ಯಾರೂ ತಡೆಯಬಾರದು.

ಎರಡನೆಯ ಆಕ್ಷೇಪ ಇನ್ನೂ ಆಳದ್ದು. ಶಿಂತೊ ಗುಡಿಗಳು ಸಾಮ್ರಾಜ್ಯದ ಕೈಯಲ್ಲಿ ಆಯುಧವಾಗಿದ್ದವು. 1925ರಲ್ಲಿ ಸೋಲ್‌ನಲ್ಲಿ ಚೋಸೆನ್ ಜಿಂಗೂ ಗುಡಿ ಎದ್ದಿತು. ಮುಂದೆ ಕೊರಿಯನ್ನರನ್ನು, ಶಾಲಾ ಮಕ್ಕಳನ್ನು ಕೂಡ, ಬಲವಂತವಾಗಿ ತಲೆಬಾಗಿಸಲಾಯಿತು. ಒಪ್ಪದ ಕ್ರೈಸ್ತರು ಸೆರೆಮನೆ ಕಂಡರು. ಆಗಿನ ಕೊರಿಯನ್ನರ ವಂಶದವರು ಇಂದು ಒಸಾಕಾದಲ್ಲಿ, ಟೋಕಿಯೊದಲ್ಲಿ ನಾಲ್ಕನೇ ತಲೆಮಾರಿನ ನಿವಾಸಿಗಳು. ತೋರಿ ದ್ವಾರದ ಕೆಳಗೆ ಅವರ ಕಾಲು ತಡೆದರೆ ಆ ತಡೆಗೆ ಕಾರಣವಿದೆ, ಅದನ್ನು ಗೌರವಿಸಲೇಬೇಕು. ಆದರೆ ಅದೇ ಚರಿತ್ರೆಯ ಇನ್ನೊಂದು ಪುಟವೂ ಇದೆ. 1906ರಿಂದಾಚೆಗೆ ಸರ್ಕಾರ ಸಣ್ಣ ಗುಡಿಗಳನ್ನು ಒಗ್ಗೂಡಿಸಿ ಹಳ್ಳಿಗೊಂದರಂತೆ ಉಳಿಸುವ ಕಾರ್ಯಕ್ರಮ ಹಿಡಿಯಿತು. ಸುಮಾರು 1 ಲಕ್ಷ 90 ಸಾವಿರ ಇದ್ದ ಗುಡಿಗಳಲ್ಲಿ ಕೆಲವೇ ವರ್ಷಗಳಲ್ಲಿ 70 ಸಾವಿರದಷ್ಟು ಇಲ್ಲವಾದವು. ಮಿಎ, ವಾಕಾಯಾಮಾ ಪ್ರಾಂತ್ಯಗಳಿಗೆ ಬಿದ್ದ ಪೆಟ್ಟು ಎಲ್ಲಕ್ಕಿಂತ ದೊಡ್ಡದು. ಗುಡಿ ಹೋದಲ್ಲಿ ಅದರ ಕಾಡಿಗೂ ಕೊಡಲಿ ಬಿತ್ತು. ಇದರ ವಿರುದ್ಧ ನಿಂತವರು ಮಿನಾಕಾತಾ ಕುಮಾಗುಸು. ಲಂಡನ್ನಿನಲ್ಲಿ ವರ್ಷಗಟ್ಟಲೆ ಓದಿ ಬಂದು ವಾಕಾಯಾಮಾದ ತನಾಬೆ ಎಂಬ ಕಡಲೂರಿನಲ್ಲಿ ನೆಲೆಸಿದ ಈ ಜೀವವಿಜ್ಞಾನಿ, ಗುಡಿಯ ಕಾಡಿನ ಕೊಳೆತ ಮರಗಳ ಮೇಲೆ ಬೆಳೆಯುವ ಲೋಳೆ ಶಿಲೀಂಧ್ರಗಳನ್ನು ಹುಡುಕುತ್ತಿದ್ದವರು. ಕಾಡು ಹೋದರೆ ಮರ, ಹಕ್ಕಿ, ನೀರಿನ ಜೊತೆ ಊರಿನವರ ಒಡನಾಟವೂ ಹೋಗುತ್ತದೆ ಎಂದು ಬರೆದರು, ಸಭೆಗೆ ನುಗ್ಗಿ 1910ರಲ್ಲಿ ಬಂಧನಕ್ಕೂ ಒಳಗಾದರು. ಸಾಮ್ರಾಜ್ಯಕ್ಕೆ ಬೇಕಿದ್ದುದು ಸಮವಸ್ತ್ರ ತೊಟ್ಟಂಥ ಗುಡಿ. ಬೀದಿಯವರಿಗೆ ಬೇಕಿದ್ದುದು ತಮ್ಮ ಗುಡಿ. ಬೀದಿಗುಡಿಗಳೆಲ್ಲ ನಿರಪರಾಧಿಗಳಾಗಿದ್ದವು ಎನ್ನಲಾಗದು, ಅವುಗಳ ಅಂಗಳದಿಂದಲೇ ಸೈನಿಕರನ್ನು ಯುದ್ಧಕ್ಕೆ ಬೀಳ್ಕೊಟ್ಟದ್ದುಂಟು. ಆದರೆ ಆ ಕೇಡು ಮತ್ತೆ ಮೊಳೆಯದಂತೆ ನೋಡಿಕೊಳ್ಳಲು ನೆರೆಯ ಕೊರಿಯನ್ನನಿಗೂ ಅಂಗಳದಲ್ಲಿ ಮಾತಿನ ಹಕ್ಕಿರುವ ಗುಡಿಯೇ ಬೇಕು. ಅವನನ್ನು ಹೊರಗಿಟ್ಟ ಗುಡಿಯಿಂದ ಆ ಕೆಲಸ ಆಗದು.

ಭಾರತದಿಂದ ಹೋದವರಿಗೆ ಬೇರೊಂದು ಸುಲಭದ ದಾರಿ ಕೈಬೀಸಿ ಕರೆಯುತ್ತದೆ. ಟೋಕಿಯೊದ ನಿಶಿ-ಕಸಾಯ್ ಬಡಾವಣೆಯಲ್ಲಿ 2000ದ ಆಚೀಚೆಯಿಂದ ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿ ನೆಲೆಸಿದ ಭಾರತೀಯ ಸಂಸಾರಗಳಲ್ಲಿ ಬೆಂಗಳೂರಿನಿಂದ ಹೋದವರೂ ಇದ್ದಾರೆ. ಅವರಿಗೆ ಯಾರಾದರೂ ಹೇಳಿರುತ್ತಾರೆ: ಉಯೆನೊ ಕೆರೆಯ ನಡುವಿನ ಬೆಂಜಾಯ್‌ತೆನ್ ನಮ್ಮ ಸರಸ್ವತಿ, ಶಿಬಾಮಾತಾದ ತಾಯ್‌ಶಾಕುತೆನ್ ನಮ್ಮ ಇಂದ್ರ, ಅಸಾಕುಸಾದ ಮತ್ಸುಚಿಯಾಮಾದಲ್ಲಿ ಮೂಲಂಗಿ ನೈವೇದ್ಯ ಪಡೆಯುವವನು ನಮ್ಮ ಗಣಪ. ಇದು ನಿಜ, ಬೌದ್ಧ ಧರ್ಮದ ಬೆನ್ನೇರಿ ಚೀನಾ ಮಾರ್ಗವಾಗಿ ಹೋದ ದೇವತೆಗಳಿವರು. ಆದರೆ ಹೋದಲ್ಲಿ ಸಾವಿರ ವರ್ಷ ಬೇರೆ ಬಾಳು ಬಾಳಿದ್ದಾರೆ. 1868ರಲ್ಲಿ ಸರ್ಕಾರ ಬೌದ್ಧ, ಶಿಂತೊಗಳನ್ನು ಬೇರ್ಪಡಿಸಿದಾಗ ಎಷ್ಟೋ ಬೆಂಜಾಯ್‌ತೆನ್ ಗುಡಿಗಳು ಇಚಿಕಿಶಿಮಾಹಿಮೆ ಎಂಬ ದೇವಿಯ ಹೆಸರಿಗೆ ಬದಲಾದವು; ಬಿವಾ ಸರೋವರದ ಚಿಕುಬು ದ್ವೀಪದಲ್ಲಿ ಒಂದೇ ಇದ್ದದ್ದು ಬೌದ್ಧ ದೇವಾಲಯವೆಂದೂ ಶಿಂತೊ ಗುಡಿಯೆಂದೂ ಎರಡಾಯಿತು. ಇವರೆಲ್ಲ ನಮ್ಮವರೇ ಎಂಬ ಹೆಮ್ಮೆಯಿಂದ ಹತ್ತಿರವಾದಂತೆ ತೋರಿದರೂ ಪಕ್ಕದ ಮನೆಯವರು ಯಾರೆಂದು ಗೊತ್ತಾಗುವುದಿಲ್ಲ. ಸರಸ್ವತಿಯ ಕುರುಹು ಹುಡುಕುತ್ತ ಊರೂರು ತಿರುಗುವುದಕ್ಕಿಂತ, ಹೆಸರು ಬಾಯಿಗೆ ಹತ್ತದ ಬೀದಿದೇವರ ಹಬ್ಬಕ್ಕೆ ಸಾವಿರ ಯೆನ್ ಕಾಣಿಕೆ ಕೊಟ್ಟು ಹಲಗೆಯ ಮೇಲೆ ಹೆಸರು ಬರೆಸುವುದು ಹೆಚ್ಚಿನ ಕೆಲಸ ಎಂದು ನಾನು ತಿಳಿಯುತ್ತೇನೆ.

ಕೊನೆಯ ಆಕ್ಷೇಪ ಕಠಿಣವಾದುದು: ಹಬ್ಬದ ದಿನ ಹೆಗಲು ಬೇಕು, ಮರುದಿನ ಮನೆ ಬಾಡಿಗೆಗೆ ಕೊಡುವುದಿಲ್ಲ. ಜಪಾನಿನ ನ್ಯಾಯ ಸಚಿವಾಲಯ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹಿಂದಿನ ಐದು ವರ್ಷಗಳಲ್ಲಿ ಮನೆ ಹುಡುಕಿದ್ದ ವಿದೇಶಿಯರಲ್ಲಿ ಸುಮಾರು 39 ಪ್ರತಿಶತ ಮಂದಿ ಪರದೇಶಿ ಎಂಬ ಕಾರಣಕ್ಕೇ ಮನೆ ಸಿಗಲಿಲ್ಲ ಎಂದಿದ್ದರು. ಸ್ಥಳೀಯ ಚುನಾವಣೆಯಲ್ಲೂ ಅವರಿಗೆ ಮತವಿಲ್ಲ. 2025ರ ಜುಲೈನಲ್ಲಿ ಮೇಲ್ಮನೆ ಚುನಾವಣೆಗೆ ಜಪಾನೀಯರು ಮೊದಲು ಎಂಬ ಘೋಷಣೆ ಹಿಡಿದು ಬಂದ ಸಾನ್ಸೇಯ್‌ತೊ ಪಕ್ಷ 14 ಸ್ಥಾನ ಗೆದ್ದಿತು. ಹೀಗಿರುವಾಗ ಮಿಕೋಶಿಯ ಕಂಬ ಹಿಡಿಸುವುದು ಅಗ್ಗದ ಕೂಲಿಗೆ ಹಬ್ಬದ ಅಂಗಿ ತೊಡಿಸಿದಂತೆ ಎಂದು ಯಾರಾದರೂ ಹೇಳಿದರೆ ಸುಮ್ಮನೆ ತಳ್ಳಿಹಾಕಲಾಗದು. ಗುಡಿ ಮತದಾನದ ಹಕ್ಕು ಕೊಡಿಸಲಾರದು, ಬಾಡಿಗೆ ಕಾನೂನು ತಿದ್ದಲಾರದು. ಅದರ ಕೈಯಲ್ಲಿರುವುದು ಸಣ್ಣದು: ಮನೆ ಮಾಲೀಕರೂ ಬಾಡಿಗೆದಾರರೂ ಒಂದೇ ಅಂಗಳದಲ್ಲಿ ಒಂದೇ ಭಾರ ಹೊರುವ ಸಂದರ್ಭ. ಅದು ಸಾಲದು ಎಂಬುದನ್ನು ಒಪ್ಪುತ್ತೇನೆ. ಬೇಡವೆಂಬುದನ್ನು ಒಪ್ಪಲಾರೆ.

ಹೆಗಲು ಕೇಳುವ ಗುಡಿ ಸ್ಥಾನವನ್ನೂ ಕೊಡಬೇಕು. ಅಲ್ಲಿಗೆ ಹೋಗಿ ಮುಟ್ಟದಿದ್ದರೆ ಈ ವಾದ ಅರ್ಧವಾಗುತ್ತದೆ. ಅರ್ಚಕ ವೃತ್ತಿಯಲ್ಲಿ ಬಾಗಿಲು ಈಗಾಗಲೇ ತೆರೆದಿದೆ. ಆಸ್ಟ್ರಿಯಾದಲ್ಲಿ ಹುಟ್ಟಿದ ಫ್ಲೋರಿಯನ್ ವಿಲ್ಚ್‌ಕೊ ಕೊಕುಗಾಕುಯಿನ್ ವಿಶ್ವವಿದ್ಯಾಲಯದಲ್ಲಿ ಓದಿ, ಶಿಬುಯಾದ ಕೊನ್ನೊ ಹಚಿಮಾನ್ ಗುಡಿಯಲ್ಲಿ ಅರ್ಚಕರಾಗಿ ಸೇವೆ ಸಲ್ಲಿಸಿದರು. ಆದರೆ ಬೀದಿಗುಡಿಯಲ್ಲಿ ನಿಜವಾದ ತೀರ್ಮಾನ ಆಗುವುದು ಒಕ್ಕಲಿನ ಹಿರಿಯರಾದ ಸೋದಾಯ್‌ಗಳ ಕೂಟದಲ್ಲಿ. ಹಬ್ಬದ ದಿನ ಯಾವುದು, ಛಾವಣಿಗೆ ಹಣ ಎಲ್ಲಿಂದ, ಮರ ಕಡಿಯಬೇಕೆ ಬೇಡವೆ ಎಂಬುದೆಲ್ಲ ಅಲ್ಲಿ ನಿಶ್ಚಯವಾಗುತ್ತದೆ. ಅಲ್ಲಿ ಕುಳಿತಿರುವವರು ಹೆಚ್ಚಾಗಿ ಹಳೆಯ ಮನೆತನಗಳ ವಯಸ್ಸಾದ ಗಂಡಸರು. 1951ರ ಧಾರ್ಮಿಕ ಸಂಸ್ಥೆಗಳ ಕಾಯ್ದೆಯಲ್ಲಿ ಸಂಸ್ಥೆಯ ಹೊಣೆ ಹೊರಲು ಯಾರು ಅನರ್ಹರು ಎಂದು ಹೇಳುವ 22ನೇ ವಿಧಿಯಲ್ಲಿ ಪರದೇಶಿಯರ ಮಾತೇ ಇಲ್ಲ. ಹದಿನೈದಿಪ್ಪತ್ತು ವರ್ಷ ಒಂದೇ ಬೀದಿಯಲ್ಲಿ ಅಂಗಡಿ ನಡೆಸಿ, ಪ್ರತಿ ಹಬ್ಬಕ್ಕೂ ಕಾಣಿಕೆ ಕೊಟ್ಟು, ಡಿಸೆಂಬರಿನ ಚಳಿಯಲ್ಲಿ ಹುಲ್ಲುಹಗ್ಗ ಹೊಸೆಯಲು ಕುಳಿತ ನೇಪಾಳಿ ಅಂಗಡಿಯವರನ್ನು ಆ ಕೂಟಕ್ಕೆ ಕರೆಯಲು ಕಾನೂನಿನ ಅಡ್ಡಿಯಿಲ್ಲ. ಕರೆಯಬೇಕಾದವರು ಈಗ ಆ ಕೂಟದಲ್ಲಿ ಕುಳಿತಿರುವ ಹಿರಿಯರು, ಮತ್ತು ಅವರಲ್ಲಿ ಅನೇಕರ ಮಕ್ಕಳು ಊರು ಬಿಟ್ಟು ಹೋಗಿದ್ದಾರೆ.